ತೊಳೆಸುವುದೋ, ಬದಲಿಸುವುದೋ: ಬಳ್ಳಾರಿಯ ಒಂದು ಏಸಿ ರಿಪೇರಿ ಅಂಗಡಿಯ ಕೆಲಸ

ಬಳ್ಳಾರಿಯ ಕಪ್ಪಗಲ್ಲು ರಸ್ತೆಯ ಕಡೆಗಿರುವ ಒಂದು ಸಣ್ಣ ಏಸಿ ರಿಪೇರಿ ಅಂಗಡಿಯ ಕೆಲಸವನ್ನು ಕುರಿತು ಇದನ್ನು ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿದ್ದವು ಎರಡು ಸ್ಪ್ಲಿಟ್ ಏಸಿಗಳು, ಎರಡೂ ಒಂದೂವರೆ ಟನ್ನಿನವು. ಮಾಳಿಗೆಯ ಕೋಣೆಯಲ್ಲಿರುವುದು 2019ರಲ್ಲಿ ಕೊಂಡ, ಅಗತ್ಯಕ್ಕೆ ತಕ್ಕಂತೆ ವೇಗ ಬದಲಿಸಿಕೊಳ್ಳುವ ಇನ್ವರ್ಟರ್ ಯಂತ್ರ, ಅದರಲ್ಲಿರುವ ತಂಪುಗೊಳಿಸುವ ಗ್ಯಾಸು ಆರ್-32. ಕೆಳಗೆ ತಂದೆಯವರ ಕೋಣೆಯಲ್ಲಿದ್ದುದು 2013ರ, ಇನ್ವರ್ಟರ್ ಅಲ್ಲದ, ಆರ್-22 ಗ್ಯಾಸಿನ ಹಳೆಯ ಯಂತ್ರ. 2025ರ ಬೇಸಿಗೆಯಲ್ಲಿ ಎರಡೂ ಸರಿಯಾಗಿ ತಂಪು ಕೊಡದಾದವು. ಈ ಅಂಗಡಿಯವರು ಒಂದನ್ನು ತೊಳೆದು ಸರಿಮಾಡಿದರು, ಇನ್ನೊಂದನ್ನು ತೊಳೆಯಲು ಒಪ್ಪಲೇ ಇಲ್ಲ. ಕೈಗೆ ಬಂದ ಕೂಲಿಯನ್ನು ಬೇಡವೆಂದ ಆ ಎರಡನೆಯ ನಿರ್ಧಾರವೇ ನನಗೆ ಮೊದಲನೆಯದಕ್ಕಿಂತ ಹೆಚ್ಚು ಮೆಚ್ಚುಗೆಯಾದದ್ದು. ಅಂಗಡಿಯ ಹೆಸರನ್ನು ಹಾಕಬೇಡಿರೆಂದು ಮಾಲೀಕರೇ ಕೇಳಿಕೊಂಡರು. ಏಪ್ರಿಲ್ ತಿಂಗಳಿನಲ್ಲಿ ಈಗ ಬರುವ ಫೋನುಗಳಿಗೇ ಉತ್ತರ ಕೊಡಲು ಆಗುತ್ತಿಲ್ಲವಂತೆ.

ಇವರಿಗಿಂತ ಮುಂಚೆ ಬೇರೊಂದು ಸರ್ವಿಸ್‌ನಿಂದ ಬಂದಿದ್ದ ತಂತ್ರಜ್ಞರು ಏಸಿಯ ಗಾಳಿಗೆ ಅಂಗೈ ಒಡ್ಡಿ ನೋಡಿ, ಎರಡಕ್ಕೂ ಕಂಪ್ರೆಸರ್ (ಗ್ಯಾಸನ್ನು ಒತ್ತಿ ಸುತ್ತಿಸುವ ಪಂಪು) ವೀಕ್ ಆಗಿದೆ, ಎಕ್ಸ್‌ಚೇಂಜ್ ಆಫರ್ ಇರುವಾಗಲೇ ಎರಡನ್ನೂ ಬದಲಿಸಿಬಿಡಿ ಎಂದು ಹೇಳಿ, ವಿಸಿಟಿಂಗ್ ಚಾರ್ಜ್ ತೆಗೆದುಕೊಂಡು ಹೋಗಿದ್ದರು. ಮುಚ್ಚಳವನ್ನು ಬಿಚ್ಚಿರಲಿಲ್ಲ, ಮೀಟರ್ ಹಚ್ಚಿರಲಿಲ್ಲ, ಔಟ್‌ಡೋರ್ ಯೂನಿಟ್ ಇರುವ ಮಾಳಿಗೆಗೆ ಹತ್ತಿಯೂ ಇರಲಿಲ್ಲ. ಆ ಮಾತನ್ನು ನಂಬಿದ್ದರೆ ಎಂಬತ್ತು ಸಾವಿರಕ್ಕೂ ಹೆಚ್ಚು ಖರ್ಚಾಗುತ್ತಿತ್ತು.

ಕಪ್ಪಗಲ್ಲು ರಸ್ತೆಯ ಮಾಲೀಕರು ಕೆಲಸ ಶುರುಮಾಡಿದ ರೀತಿಯೇ ಬೇರೆಯಾಗಿತ್ತು. ಮೊದಲು ಕೇಳಿದ್ದು, ಯಾವ ಹೊತ್ತಿನಲ್ಲಿ ತಂಪು ಕಡಿಮೆಯಾಗುತ್ತದೆ ಎಂದು. ಮಾಳಿಗೆಯ ಏಸಿ ಮಧ್ಯಾಹ್ನ ಎರಡು ಗಂಟೆಯಿಂದ ಸಂಜೆಯವರೆಗೆ ಏನು ಮಾಡಿದರೂ ತಂಪು ಕೊಡುತ್ತಿರಲಿಲ್ಲ, ಬೆಳಗಿನ ಜಾವಕ್ಕೆ ಮಾತ್ರ ಹೊದಿಕೆ ಎಳೆದುಕೊಳ್ಳುವಷ್ಟು ತಂಪಾಗುತ್ತಿತ್ತು. ಇದನ್ನು ಕೇಳಿದ ಕೂಡಲೇ ಅವರು ಒಳಗಿನ ಯಂತ್ರವನ್ನು ಮುಟ್ಟದೆ ಮೇಲಕ್ಕೆ ಹತ್ತಿದರು. ಕೋಣೆಯ ಕಾವನ್ನು ಹೊರಗೆ ಚೆಲ್ಲುವುದು ಔಟ್‌ಡೋರ್ ಯೂನಿಟ್‌ನ ಕೆಲಸ. ಅದರ ಕಾಯಿಲ್, ಅಂದರೆ ತೆಳುವಾದ ಲೋಹದ ಪಟ್ಟಿಗಳ ನಡುವೆ ಗ್ಯಾಸಿನ ಕೊಳವೆ ಹಾಯುವ ಭಾಗ, ಧೂಳಿನಿಂದ ಮುಚ್ಚಿಹೋದರೆ ಕಾವು ಹೊರಗೆ ಹೋಗಲಾರದೆ ಒಳಗಿನ ಒತ್ತಡ ಏರುತ್ತದೆ. ಇನ್ವರ್ಟರ್ ಯಂತ್ರಗಳಲ್ಲಿ ಈ ಒತ್ತಡ ಮತ್ತು ಬಿಸಿ ಮಿತಿ ಮೀರುವ ಹೊತ್ತಿಗೆ ಕಂಪ್ರೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಂಡು ಸುಟ್ಟುಹೋಗದಂತೆ ಉಳಿದುಕೊಳ್ಳುತ್ತದೆ. ಹೊರಗಿನಿಂದ ನೋಡುವವರಿಗೆ ಕಂಪ್ರೆಸರ್ ದುರ್ಬಲವಾದಂತೆ ಕಾಣುವುದು ಇದರಿಂದಲೇ. ಹೊರಗಿನ ಗಾಳಿ ತಣ್ಣಗಾಗುವ ಬೆಳಗಿನ ಜಾವಕ್ಕೆ ಅದೇ ಯಂತ್ರ ಪೂರ್ಣ ವೇಗದಲ್ಲಿ ಓಡಬಲ್ಲುದಾದರೆ ಕಂಪ್ರೆಸರ್ ಕೆಟ್ಟಿದೆ ಎಂದು ಹೇಳಲು ಆಧಾರವಿಲ್ಲ.

ಇದನ್ನು ಅವರು ಬಾಯಿಮಾತಿನಲ್ಲಿ ಬಿಡಲಿಲ್ಲ. ಕೋಣೆಯ ಕಿಟಕಿ ಬಾಗಿಲುಗಳನ್ನು ಮುಚ್ಚಿಸಿ, ಏಸಿಯನ್ನು 18 ಡಿಗ್ರಿಗೆ ಇಟ್ಟು ಕಾಲು ಗಂಟೆಗೂ ಹೆಚ್ಚು ಹೊತ್ತು ಸುಮ್ಮನೆ ಓಡಲು ಬಿಟ್ಟರು. ಇನ್ವರ್ಟರ್ ಯಂತ್ರದ ವೇಗ ಕೋಣೆಯ ಅಗತ್ಯಕ್ಕೆ ತಕ್ಕಂತೆ ಬದಲಾಗುತ್ತಲೇ ಇರುವುದರಿಂದ, 26 ಡಿಗ್ರಿಗೆ ಇಟ್ಟು ಅಳೆದ ಅಂಕಿಗಳಿಂದ ಏನೂ ತಿಳಿಯುವುದಿಲ್ಲ ಎಂದು ವಿವರಿಸಿದರು. ಆಮೇಲೆ ಯಂತ್ರದ ಮೇಲ್ಭಾಗದಲ್ಲಿ ಒಳಹೋಗುವ ಗಾಳಿಯ ಉಷ್ಣತೆಯನ್ನೂ ಕೆಳಗೆ ಹೊರಬರುವ ಗಾಳಿಯ ಉಷ್ಣತೆಯನ್ನೂ ಅಳೆದರು. ಒಳಹೋಗುತ್ತಿದ್ದುದು 31, ಹೊರಬರುತ್ತಿದ್ದುದು 25. ಸ್ವಸ್ಥ ಯಂತ್ರದಲ್ಲಿ ಈ ಅಂತರ ಸಾಮಾನ್ಯವಾಗಿ ಹತ್ತರ ಆಸುಪಾಸಿನಲ್ಲಾದರೂ ಇರಬೇಕು. ಬಳಿಕ ಹುಡುಗನೊಬ್ಬ ಮಾಳಿಗೆಯ ಮೇಲೆ ಓಡುತ್ತಿದ್ದ ಯೂನಿಟ್‌ನ ಹಿಂಬದಿಯ ಕಾಯಿಲ್ ಮೇಲೆ ನೀರನ್ನು ಮೆಲ್ಲಗೆ ಇಳಿಬಿಟ್ಟ. ಕೆಲವೇ ನಿಮಿಷಗಳಲ್ಲಿ ಒಳಗೆ ಬರುವ ಗಾಳಿ ಮೂರು ನಾಲ್ಕು ಡಿಗ್ರಿ ಇಳಿಯಿತು. ಕಂಪ್ರೆಸರ್ ನಿಜವಾಗಿಯೂ ಸೋತಿದ್ದರೆ, ಅಥವಾ ಗ್ಯಾಸು ಸೋರಿಹೋಗಿದ್ದರೆ, ಹೊರಗೆ ನೀರು ಬಿಟ್ಟ ಮಾತ್ರಕ್ಕೆ ಇಷ್ಟು ಬದಲಾವಣೆ ಆಗುತ್ತಿರಲಿಲ್ಲ. ಒಂದು ಬಕೆಟ್ ನೀರಿನ ಈ ಪರೀಕ್ಷೆಯನ್ನು ಹಿಂದೆ ಬಂದ ತಂತ್ರಜ್ಞರೂ ಮಾಡಬಹುದಾಗಿತ್ತು.

ಅಂಗೈ ಒಡ್ಡಿ ನೋಡುವ ವಿಧಾನದ ದೋಷವೂ ಆಗಲೇ ಅರ್ಥವಾಯಿತು. ಔಟ್‌ಡೋರ್ ಕೊಳೆಯಾದಾಗ ಬರುವ ಗಾಳಿಯೇ ಬೆಚ್ಚಗಿರುತ್ತದೆ. ಇಂಡೋರ್ ಯೂನಿಟ್‌ನ ಜಾಲರಿ ಮತ್ತು ಗಾಳಿ ಬೀಸುವ ಬ್ಲೋವರ್ ಕೊಳೆಯಾದಾಗ ಬರುವ ಗಾಳಿ ಚೆನ್ನಾಗಿಯೇ ತಣ್ಣಗಿರುತ್ತದೆ, ಆದರೆ ಬರುವುದೇ ಕಡಿಮೆ. ಅಂಗೈಗೆ ತಣ್ಣಗೆ ತಾಕಿದ್ದರಿಂದ ಯಂತ್ರ ಸರಿಯಿದೆ ಎಂದೂ, ಬೆಚ್ಚಗೆ ತಾಕಿದ್ದರಿಂದ ಕೆಟ್ಟಿದೆ ಎಂದೂ ತೀರ್ಮಾನಿಸುವವರು ಎರಡೂ ಕಡೆ ತಪ್ಪುತ್ತಾರೆ. ನಮ್ಮ ಮಾಳಿಗೆಯ ಯಂತ್ರದಲ್ಲಿ ಹೊರಗೂ ಒಳಗೂ ಕೊಳೆ ತುಂಬಿತ್ತು.

ಬಳ್ಳಾರಿಯವರಿಗೆ ಇದು ಆಶ್ಚರ್ಯವಲ್ಲ. ಸಂಡೂರಿನ ಕಡೆಯ ಅದಿರಿನ ಲಾರಿಗಳು, ತೋರಣಗಲ್ಲಿನ ಸುತ್ತಲಿನ ಕಾರ್ಖಾನೆಗಳು, ಬೇಸಿಗೆಯ ಸುಳಿಗಾಳಿ, ಆಷಾಢದ ಬೀಸುಗಾಳಿ, ಇವೆಲ್ಲ ಸೇರಿ ನಮ್ಮ ಊರಿನ ಕಿಟಕಿಯ ಅಂಚಿನಲ್ಲಿ ಒಂದೇ ವಾರದಲ್ಲಿ ಬೆರಳಿನಿಂದ ಅಕ್ಷರ ಬರೆಯುವಷ್ಟು ಧೂಳು ಕೂಡುತ್ತದೆ. ಕಾಯಿಲ್‌ನ ಅಲ್ಯೂಮಿನಿಯಂ ಪಟ್ಟಿಗಳ ನಡುವಿನ ಸಂದು ಒಂದೆರಡು ಮಿಲಿಮೀಟರಿಗಿಂತ ಹೆಚ್ಚಿರುವುದಿಲ್ಲ. ಅಲ್ಲಿ ಸೇರಿದ ಕೆಂಪು ಧೂಳು ಮಳೆ ಬಂದಾಗ ನೆನೆದು, ಬಿಸಿಲಿಗೆ ಒಣಗಿ, ಬ್ರಶ್ಶಿಗೆ ಜಗ್ಗದಷ್ಟು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ನಮ್ಮ ಯೂನಿಟ್‌ನ ಪಕ್ಕದಲ್ಲೇ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಇರುವುದರಿಂದ ಎಣ್ಣೆಯ ಜಿಡ್ಡು ಕೂಡ ಬೆರೆತಿತ್ತು. ಜೀನ್ಸ್ ಹೊಲಿಯುವ ಮನೆಗಳಿಗೆ ಸರ್ವಿಸ್‌ಗೆ ಹೋದರೆ ಫಿಲ್ಟರಿನಿಂದ ನೀಲಿ ನಾರಿನ ಹಾಸುಗಳೇ ಎದ್ದು ಬರುತ್ತವೆ ಎಂದು ಮಾಲೀಕರು ಹೇಳಿದರು. ವರ್ಷಕ್ಕೆ ಒಂದು ಸರ್ವಿಸ್ ಸಾಕು ಎಂದು ಕೈಪಿಡಿಗಳಲ್ಲಿ ಬರೆದಿರುವುದು ಇಂಥ ಊರನ್ನು ಕಂಡು ಬರೆದದ್ದಲ್ಲ. ಇನ್ನೊಂದು ಮಾತನ್ನೂ ಇಲ್ಲಿ ಸೇರಿಸಬಹುದು. ಏಸಿಯ ಮೇಲೆ ಬರೆದಿರುವ ಒಂದೂವರೆ ಟನ್ ಎಂಬ ಸಾಮರ್ಥ್ಯವನ್ನು ಹೊರಗೆ 35 ಡಿಗ್ರಿ ಇರುವಾಗ ಅಳೆದಿರುತ್ತಾರೆ. ನಮ್ಮಲ್ಲಿ ಮೇ ತಿಂಗಳಿನಲ್ಲಿ 40 ದಾಟಿದ ಮೇಲೆ ಶುಭ್ರವಾದ ಹೊಸ ಯಂತ್ರವೂ ಆ ಪೂರ್ತಿ ಸಾಮರ್ಥ್ಯವನ್ನು ಕೊಡುವುದಿಲ್ಲ. ಆದ್ದರಿಂದ ಕೊಳೆಯಿಂದ ಆಗುವ ನಷ್ಟ ಬೆಂಗಳೂರಿನವರಿಗಿಂತ ನಮಗೆ ಬೇಗ ತಿಳಿಯುತ್ತದೆ.

ತೊಳೆಯುವ ಕೆಲಸವನ್ನು ಇವರು ಅವಸರವಿಲ್ಲದೆ ಮಾಡಿದರು. ರಿಮೋಟ್‌ನಲ್ಲಿ ಆರಿಸಿ ಸುಮ್ಮನಾಗದೆ ಕರೆಂಟು ಕಡಿಯುವ ಎಂಸಿಬಿ ಸ್ವಿಚ್ಚನ್ನೇ ಇಳಿಸಿದರು, ಪಿಸಿಬಿ ಎಂಬ ಎಲೆಕ್ಟ್ರಾನಿಕ್ ಹಲಗೆಯಲ್ಲಿ ಉಳಿದಿರುವ ವಿದ್ಯುತ್ತು ಇಳಿಯಲೆಂದು ಸ್ವಲ್ಪ ಹೊತ್ತು ಕಾದರು, ಅದರ ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಬಿಗಿದರು. ಔಟ್‌ಡೋರ್ ಕಾಯಿಲ್‌ಗೆ ಒಳಗಿನಿಂದ ಹೊರಕ್ಕೆ, ಪಟ್ಟಿಗಳಿಗೆ ನೇರವಾಗಿ ನೀರಿನ ಜೆಟ್ ಹಿಡಿದರು. ಹೊರಗಿನಿಂದ ಒಳಕ್ಕೆ ಹೊಡೆದರೆ ಕೊಳೆ ಇನ್ನಷ್ಟು ಒಳಗೆ ಹೋಗಿ ಕೂರುತ್ತದೆ, ಓರೆಯಾಗಿ ಹೊಡೆದರೆ ಮೆತ್ತನೆಯ ಅಲ್ಯೂಮಿನಿಯಂ ಪಟ್ಟಿಗಳು ಮಡಿಚಿಕೊಂಡು ಗಾಳಿಯ ದಾರಿಯೇ ಮುಚ್ಚುತ್ತದೆ. ನೊರೆ ಉಕ್ಕಿಸುವ ಆಸಿಡ್ ದ್ರಾವಣವನ್ನು ಬಳಸಲಿಲ್ಲ. ಅದನ್ನು ಹಾಕಿದರೆ ಕಾಯಿಲ್ ಬೆಳ್ಳಗೆ ಹೊಳೆದು ಗಿರಾಕಿಗೆ ಖುಷಿಯಾಗುತ್ತದೆ, ಆದರೆ ಲೋಹವನ್ನೂ ತಿನ್ನುತ್ತದೆ ಎಂಬುದು ಅವರ ಅಭಿಪ್ರಾಯ, ಮತ್ತು ಅದು ಸರಿಯಾದ ಅಭಿಪ್ರಾಯವೇ. ಇಂಡೋರ್‌ನ ಬ್ಲೋವರನ್ನು ಹೊರಗೆ ತೆಗೆದಾಗ ಅದರ ರೆಕ್ಕೆಗಳ ಸಂದಿನಲ್ಲಿ ಕಪ್ಪು ಕೆಸರು ಮೆತ್ತಿಕೊಂಡಿತ್ತು. ಹಲವು ಕಡೆ ಜೆಟ್ ಸರ್ವಿಸ್ ಎಂದರೆ ಮುಂದಿನ ಮುಚ್ಚಳವನ್ನು ತೆಗೆದು ಕಾಯಿಲ್‌ಗೆ ನೀರು ಹೊಡೆದು ಹೋಗುವುದಷ್ಟೇ. ಬ್ಲೋವರನ್ನೂ ನೀರು ಹೋಗುವ ತಟ್ಟೆಯನ್ನೂ ಡ್ರೈನ್ ಪೈಪನ್ನೂ ಬಿಟ್ಟರೆ ಗಾಳಿ ಹೆಚ್ಚುವುದೂ ಇಲ್ಲ, ಗೋಡೆಯ ಮೇಲೆ ನೀರು ಸೋರುವುದು ನಿಲ್ಲುವುದೂ ಇಲ್ಲ. ಎಲ್ಲ ಜೋಡಿಸಿ ಮತ್ತೆ ಅದೇ 18 ಡಿಗ್ರಿಗೆ ಇಟ್ಟು ಅಳೆದಾಗ ಒಳಹೋಗುವ ಗಾಳಿ 31, ಹೊರಬರುವ ಗಾಳಿ 19. ಇದಕ್ಕೆ ಅವರು ಪಡೆದದ್ದು 900 ರೂಪಾಯಿ. ಗ್ಯಾಸನ್ನು ಮುಟ್ಟಲಿಲ್ಲ, ಮುಟ್ಟುವ ಅಗತ್ಯವೂ ಇರಲಿಲ್ಲ.

ಕೆಳಗಿನ ಕೋಣೆಯ ಹಳೆಯ ಯಂತ್ರದ ಕತೆ ಇದಕ್ಕೆ ವಿರುದ್ಧವಾಗಿತ್ತು. ಹಳೆಯದೇ ಗಟ್ಟಿ, ಆಗಿನ ತಾಮ್ರ ಈಗ ಎಲ್ಲಿದೆ ಎಂದು ಮನೆಯಲ್ಲಿ ಎಲ್ಲರೂ ಅದರ ಪರವಾಗಿಯೇ ಮಾತಾಡುತ್ತಿದ್ದರು. ಪ್ರತಿ ವರ್ಷ ಯುಗಾದಿಯ ಹೊತ್ತಿಗೆ ಯಾರಾದರೂ ಬಂದು ಗ್ಯಾಸ್ ಟಾಪ್ ಅಪ್ ಮಾಡಿ ಹೋಗುವುದು ವಾಡಿಕೆಯಾಗಿತ್ತು. ಮಾಲೀಕರು ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರನ್ನು ತಂತಿಗೆ ಹಾಕಿ ನೋಡಿದಾಗ, ಯಂತ್ರದ ಫಲಕದ ಮೇಲೆ ಬರೆದಿದ್ದ ಆಂಪಿಯರಿಗಿಂತ ಸಾಕಷ್ಟು ಕಡಿಮೆ ಕರೆಂಟನ್ನು ಅದು ಎಳೆಯುತ್ತಿತ್ತು. ಔಟ್‌ಡೋರ್ ಬಳಿಯ ಸಣ್ಣ ಪೈಪಿನ ಮೇಲೆ ಮಂಜು ಕಟ್ಟಿತ್ತು. ಇನ್ವರ್ಟರ್ ಅಲ್ಲದ ಯಂತ್ರಗಳಿಗೆ ಸರಳವಾದ ಸೂತ್ರವೊಂದಿದೆ. ತಂಪು ಕಡಿಮೆಯಾಗಿ ಕರೆಂಟು ಹೆಚ್ಚಿದ್ದರೆ ಹೊರಗಿನ ಕಾಯಿಲ್‌ನ ಕೊಳೆಯನ್ನು ಮೊದಲು ಸಂಶಯಿಸಬೇಕು, ತಂಪಿನ ಜೊತೆಗೆ ಕರೆಂಟೂ ಕಡಿಮೆಯಾಗಿದ್ದರೆ ಗ್ಯಾಸಿನ ಕೊರತೆಯನ್ನು. ಏಸಿಯ ಗ್ಯಾಸು ಗಾಡಿಯ ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ. ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಲೇ ಇರುವ ಅದು ಕಡಿಮೆಯಾಗಿದೆ ಎಂದರೆ ಎಲ್ಲೋ ತೂತಿದೆ ಎಂದೇ ಅರ್ಥ. ಆ ತೂತನ್ನು ಹುಡುಕದೆ ವರ್ಷವರ್ಷವೂ ತುಂಬಿ ಹೋಗುವವರು ಮುಂದಿನ ವರ್ಷದ ಕೂಲಿಯನ್ನು ಗಟ್ಟಿಮಾಡಿಕೊಂಡು ಹೋಗುತ್ತಿರುತ್ತಾರೆ.

ಇವರು ನೈಟ್ರೋಜನ್ ತುಂಬಿ ಒತ್ತಡ ಪರೀಕ್ಷೆ ಮಾಡಿದರು. ಸೋಪಿನ ನೊರೆ ಹಚ್ಚಿದಾಗ ಇಂಡೋರ್ ಕಾಯಿಲ್‌ನ ಬದಿಯ ಬಾಗುವಿನಲ್ಲಿ ಒಂದು ಕಡೆ ಗುಳ್ಳೆ ಎದ್ದಿತು. ಅದಷ್ಟೇ ಆಗಿದ್ದರೆ ಬೆಸುಗೆ ಹಾಕಬಹುದಿತ್ತು. ಆದರೆ ಪಟ್ಟಿಗಳ ನಡುವಿನ ಕೊಳವೆಯಿಂದಲೂ ಸಣ್ಣ ಸಣ್ಣ ಗುಳ್ಳೆಗಳು ಬರುತ್ತಿದ್ದವು. ಆ ಜಾಗಕ್ಕೆ ಬೆಸುಗೆಯ ಬೆಂಕಿ ತಲುಪುವುದಿಲ್ಲ. ತೇವ ಮತ್ತು ಕೋಣೆಯ ಗಾಳಿಯಲ್ಲಿರುವ ರಾಸಾಯನಿಕಗಳು ಸೇರಿ ತಾಮ್ರದಲ್ಲಿ ಇರುವೆಗೂಡಿನಂಥ ಸೂಕ್ಷ್ಮ ಸುರಂಗಗಳನ್ನು ಕೊರೆಯುವುದುಂಟು, ಒಂದನ್ನು ಮುಚ್ಚಿದರೆ ಪಕ್ಕದಲ್ಲಿ ಇನ್ನೊಂದು ತೆರೆದುಕೊಳ್ಳುತ್ತದೆ. ತಾಮ್ರವಾದರೆ ಶಾಶ್ವತ ಎಂಬ ನಮ್ಮ ಮನೆಯವರ ನಂಬಿಕೆ ಅಲ್ಲಿಗೆ ಮುಗಿಯಿತು. ಆ ಮಾದರಿಯ ಕಂಪನಿ ಕಾಯಿಲ್ ಈಗ ಸಿಗುತ್ತಿಲ್ಲ. ಸ್ಥಳೀಯವಾಗಿ ಮಾಡಿಸುವ ಕಾಯಿಲ್ ಹಾಕಬಹುದಾದರೂ ಅಳತೆ ಹೊಂದದಿದ್ದರೆ ತಂಪು ಮತ್ತೆ ಕಡಿಮೆಯೇ.

ಆರ್-22ರ ಪ್ರಶ್ನೆ ಇದರ ಮೇಲೆ ಬರುತ್ತದೆ. ಓಜೋನ್ ಪದರಕ್ಕೆ ಹಾನಿ ಮಾಡುವ ವಸ್ತುಗಳನ್ನು ಕುರಿತ 1987ರ ಮಾಂಟ್ರಿಯಲ್ ಒಪ್ಪಂದದ ಅಡಿಯಲ್ಲಿ ಭಾರತವೂ ಈ ಗ್ಯಾಸಿನ ಬಳಕೆಯನ್ನು ಹಂತಹಂತವಾಗಿ ತಗ್ಗಿಸುತ್ತಿದೆ, 2030 ಅದಕ್ಕೆ ಇಟ್ಟುಕೊಂಡ ಗಡಿ. ಆದ್ದರಿಂದ ಸೋರುವ ಯಂತ್ರಕ್ಕೆ ಪ್ರತಿ ವರ್ಷ ಆರ್-22 ತುಂಬುವುದು ಮುಂದೆ ಅಗ್ಗವಾಗುವ ಕೆಲಸವಲ್ಲ. ಇದೇ ಯಂತ್ರಕ್ಕೆ ಆರ್-32 ತುಂಬಿಕೊಡುತ್ತೇನೆ, ಸಸ್ತಾ ಆಗುತ್ತದೆ ಎಂದು ನಮಗೆ ಹಿಂದೊಬ್ಬರು ಹೇಳಿದ್ದರು. ಅದನ್ನು ಯಾರೂ ಮಾಡಿಸಬಾರದು. ಆರ್-32ರ ಒತ್ತಡ ಆರ್-22ರ ಒಂದೂವರೆ ಪಟ್ಟಿಗಿಂತಲೂ ಹೆಚ್ಚು, ಹಳೆಯ ಕಂಪ್ರೆಸರಿನ ಎಣ್ಣೆ ಅದಕ್ಕೆ ಹೊಂದುವುದಿಲ್ಲ, ಅಲ್ಲದೆ ಅದು ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವ ಗುಣವುಳ್ಳ ಗ್ಯಾಸು.

ಇಷ್ಟನ್ನು ತೋರಿಸಿದ ಮೇಲೆ, ಬಂದದ್ದು ಬಂದಿದ್ದೀರಿ, ಇದನ್ನೂ ತೊಳೆದುಬಿಡಿ ಎಂದು ನಾನು ಹೇಳಿದೆ. ತೊಳೆದರೆ 900 ರೂಪಾಯಿ ದಂಡ, ಇನ್ನು ಹದಿನೈದು ದಿನದಲ್ಲಿ ಮಳೆಗಾಳಿ ಬೀಳುತ್ತದೆ, ಅಲ್ಲಿಯವರೆಗೆ ಕೂಲರ್ ಇಟ್ಟುಕೊಳ್ಳಿ, ಹೊಸದನ್ನು ಸೀಸನ್ ಮುಗಿದ ಮೇಲೆ ಕೊಳ್ಳಿ ಎಂದರು. ಪರೀಕ್ಷೆಯ ಕೂಲಿಯಾಗಿ 500 ರೂಪಾಯಿ ಮಾತ್ರ ತೆಗೆದುಕೊಂಡರು.

ಹೊಸದನ್ನು ಕೊಳ್ಳುವುದು ಕರೆಂಟಿನ ಉಳಿತಾಯಕ್ಕಾಗಿ ಎಂದು ಅಂಗಡಿಗಳಲ್ಲಿ ಹೇಳುತ್ತಾರೆ. ಲೆಕ್ಕ ಹಾಕಿದರೆ ಅದು ಅರ್ಧ ಮಾತ್ರ ನಿಜ. ಹಳೆಯ ಒಂದೂವರೆ ಟನ್ ಯಂತ್ರದ ಕಂಪ್ರೆಸರ್ ಓಡುವಾಗ ಗಂಟೆಗೆ ಸುಮಾರು 1.6 ಯೂನಿಟ್ ಬೇಕಾಗುತ್ತದೆ. ದಿನಕ್ಕೆ ಹತ್ತು ಗಂಟೆ ಹಾಕಿ, ಅದರಲ್ಲಿ ಏಳು ಗಂಟೆ ಕಂಪ್ರೆಸರ್ ಓಡುತ್ತದೆ ಎಂದುಕೊಂಡರೆ 11 ಯೂನಿಟ್ ಆಗುತ್ತದೆ. ಐದು ಸ್ಟಾರಿನ ಹೊಸ ಇನ್ವರ್ಟರ್ ಯಂತ್ರಕ್ಕೆ ಅದೇ ಬಳಕೆಗೆ 6 ಯೂನಿಟ್ ಎಂದಿಟ್ಟುಕೊಳ್ಳೋಣ. ಬೇಸಿಗೆಯ 110 ದಿನಗಳಿಗೆ ಉಳಿಯುವುದು 550 ಯೂನಿಟ್, ತೆರಿಗೆಯೂ ಸೇರಿ ಯೂನಿಟ್ಟಿಗೆ ಆರೂವರೆ ರೂಪಾಯಿಯಂತೆ ವರ್ಷಕ್ಕೆ ಮೂರೂವರೆ ಸಾವಿರ ರೂಪಾಯಿ. ಯಂತ್ರದ ಬೆಲೆ 45 ಸಾವಿರ ಎಂದರೆ ಹಣ ವಾಪಸ್ಸು ಬರಲು ಹದಿಮೂರು ವರ್ಷ ಬೇಕು, ಅಷ್ಟರಲ್ಲಿ ಹೊಸ ಯಂತ್ರವೂ ಮುದಿಯಾಗಿರುತ್ತದೆ. ಆದರೆ ಪ್ರತಿ ವರ್ಷ ಗ್ಯಾಸಿಗೆ ಹೋಗುತ್ತಿದ್ದ ಮೂರೂವರೆ ಸಾವಿರವನ್ನೂ ಸೇರಿಸಿದರೆ ಆ ಅವಧಿ ಆರೂವರೆ ವರ್ಷಕ್ಕೆ ಇಳಿಯುತ್ತದೆ. ಅಂದರೆ ಬದಲಿಸಲು ನಿಜವಾದ ಕಾರಣ ಸೋರುವ ಕಾಯಿಲ್. ಅದೇ ವಯಸ್ಸಿನ, ಸೋರದ, ಅತಿಥಿಗಳು ಬಂದಾಗ ಮಾತ್ರ ಹಾಕುವ ಯಂತ್ರವಾಗಿದ್ದರೆ ನಾನು ತೊಳೆಸಿಯೇ ಇಟ್ಟುಕೊಳ್ಳುತ್ತಿದ್ದೆ.

ಗೃಹಜ್ಯೋತಿಯ ಲೆಕ್ಕವನ್ನು ಇದರಲ್ಲಿ ತರುವವರೂ ಇದ್ದಾರೆ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಜೆಸ್ಕಾಂ ಬಿಲ್ಲನ್ನು ಪೂರ್ತಿಯಾಗಿ ಕಟ್ಟಬೇಕಾಗುತ್ತದೆ ಎಂಬುದು ಸರಿ. ಆದರೆ ದಿನಕ್ಕೆ 6 ಯೂನಿಟ್ಟಿನ ಹೊಸ ಏಸಿಯೊಂದೇ ತಿಂಗಳಿಗೆ 180 ಯೂನಿಟ್ ತೆಗೆದುಕೊಳ್ಳುತ್ತದೆ. ಫ್ಯಾನು, ಫ್ರಿಜ್ಜು, ಮೋಟಾರು ಸೇರಿದ ಮೇಲೆ ಬೇಸಿಗೆಯಲ್ಲಿ ನಮ್ಮಂಥ ಮನೆಗಳು ಗಡಿಯನ್ನು ದಾಟಿಯೇ ದಾಟುತ್ತವೆ. ಐದು ಸ್ಟಾರಿನ ಏಸಿ ಕೊಂಡರೆ ಬೇಸಿಗೆಯಲ್ಲೂ ಸೊನ್ನೆ ಬಿಲ್ಲು ಬರುತ್ತದೆ ಎಂದು ಹೇಳುವ ಮಾರಾಟಗಾರರ ಮಾತನ್ನು ನಂಬಬೇಕಾಗಿಲ್ಲ.

ಅವರ ಸಲಹೆಯಂತೆ ಕಾದದ್ದರಿಂದ ಲಾಭವೇ ಆಯಿತು. 2025ರ ಸೆಪ್ಟೆಂಬರ್ 22ರಿಂದ ಏಸಿಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು, 45 ಸಾವಿರದ ಯಂತ್ರದಲ್ಲಿ ಅದು ಹೆಚ್ಚುಕಡಿಮೆ ಮೂರೂವರೆ ಸಾವಿರದ ವ್ಯತ್ಯಾಸ. ಕೊಳ್ಳುವಾಗ ನೋಡಬೇಕಾದ ಒಂದು ಸಂಗತಿಯನ್ನೂ ಅವರೇ ಹೇಳಿದ್ದರು. ಸ್ಟಾರಿನ ಅಳತೆಗೋಲು ಆಗಾಗ ಬಿಗಿಯಾಗುತ್ತದೆ. 2018ರಲ್ಲಿ ಐದು ಸ್ಟಾರಿಗೆ 4.5ರ ದಕ್ಷತಾ ಸೂಚ್ಯಂಕ (ಲೇಬಲಿನಲ್ಲಿ ISEER ಎಂದಿರುತ್ತದೆ) ಸಾಕಾಗಿತ್ತು, 2022ರ ಜುಲೈಯಿಂದ 5 ಬೇಕಾಯಿತು. ಆದ್ದರಿಂದ ಗೋದಾಮಿನಲ್ಲಿ ಉಳಿದ ಹಳೆಯ ಸರಕನ್ನು ಕೊಳ್ಳುವಾಗ ನಕ್ಷತ್ರಗಳನ್ನು ಎಣಿಸದೆ ಲೇಬಲಿನ ಮೇಲಿನ ಆ ಸಂಖ್ಯೆಯನ್ನೇ ಓದಬೇಕು.

ಕೊಂಡ ಹೊಸ ಏಸಿಯ ಜೋಡಣೆಯನ್ನೂ ಇವರಿಂದಲೇ ಮಾಡಿಸಿದೆವು, ಕಂಪನಿಯವರ ಒಪ್ಪಿಗೆ ಪಡೆದೇ. ಹಳೆಯದನ್ನು ತೆಗೆಯುವ ಮುನ್ನ ಉಳಿದ ಗ್ಯಾಸನ್ನು ಗಾಳಿಗೆ ಬಿಡದೆ ಔಟ್‌ಡೋರ್ ಯೂನಿಟ್‌ನೊಳಕ್ಕೆ ಎಳೆದು ವಾಲ್ವ್ ಮುಚ್ಚಿದರು. ಹಳೆಯ ಪೈಪನ್ನೇ ಉಳಿಸಿಕೊಳ್ಳೋಣ ಎಂದಾಗ, ಅದರೊಳಗೆ ಹಳೆಯ ಎಣ್ಣೆ ಇರುತ್ತದೆ, ಬೇಡ ಎಂದು ಹೊಸದನ್ನೇ ಹಾಕಿದರು. ವ್ಯಾಕ್ಯೂಮ್ ಪಂಪನ್ನು ಅರ್ಧ ಗಂಟೆ ಓಡಿಸಿದರು. ಈ ಪಂಪನ್ನು ತರದೆ, ಒಂದಿಷ್ಟು ಗ್ಯಾಸನ್ನೇ ಹೊರಬಿಟ್ಟು ಪೈಪಿನ ಗಾಳಿಯನ್ನು ತಳ್ಳಿ ಮುಗಿಸುವವರು ಇಂದಿಗೂ ಇದ್ದಾರೆ. ಒಳಗೆ ಉಳಿದ ತೇವಾಂಶದ ಪರಿಣಾಮ ಎರಡು ಮೂರು ವರ್ಷಗಳ ಮೇಲೆ ಕಾಣುವುದರಿಂದ ಅವರು ಸಿಕ್ಕಿಬೀಳುವುದಿಲ್ಲ.

ಇನ್ನು ಈ ಅಂಗಡಿಯ ದೋಷಗಳು. ಹೇಳಿದ ಹೊತ್ತಿಗೆ ಬರುವುದು ಇವರ ಸ್ವಭಾವದಲ್ಲಿಲ್ಲ. ಬೆಳಿಗ್ಗೆ ಹತ್ತು ಎಂದರೆ ಮಧ್ಯಾಹ್ನ ಊಟವಾದ ಮೇಲೆ, ಸೀಸನ್‌ನಲ್ಲಿ ನಾಳೆ ಎಂದರೆ ಮುಂದಿನ ವಾರ. ತೊಳೆದ ಕೆಸರುನೀರು ಗೋಡೆಯ ಮೇಲೆ ಇಳಿದ ಕಲೆಯನ್ನು ಒರೆಸದೆ ಹೋದರು. ಇಂಡೋರ್‌ಗೆ ಕಟ್ಟುವ ಚೀಲ ಹಳೆಯದಾಗಿ ಹರಿದಿತ್ತು, ಅದನ್ನು ಬದಲಿಸಲು ಅಂಥ ಖರ್ಚೇನೂ ಬರುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಕೊರತೆ ಕಾಗದದ್ದು. ಅಷ್ಟು ಶ್ರದ್ಧೆಯಿಂದ ಅಳೆದ ಅಂಕಿಗಳನ್ನು ಅವರು ಎಲ್ಲಿಯೂ ಬರೆದುಕೊಡುವುದಿಲ್ಲ. ನಾನೇ ಒಂದು ಹಾಳೆಯಲ್ಲಿ ತೊಳೆಯುವ ಮುಂಚಿನ ಮತ್ತು ನಂತರದ ಉಷ್ಣತೆಯನ್ನು ಗುರುತು ಹಾಕಿಕೊಂಡು ಸಹಿ ಹಾಕಿಸಿಕೊಂಡೆ. ಬಿಲ್ಲನ್ನು ಕೂಡ ಕೇಳಿದ ಮೇಲೆಯೇ ಕೊಟ್ಟರು. ಕೆಲಸದ ಗ್ಯಾರಂಟಿ ಬಾಯಿಮಾತಿನದು. ಇವರ ವಿಷಯದಲ್ಲಿ ನನಗೆ ನಂಬಿಕೆಯಿದೆ, ಆದರೆ ಗೊತ್ತಿಲ್ಲದ ಗಿರಾಕಿಗೆ ಅದೇ ನಂಬಿಕೆ ಹೇಗೆ ಬರಬೇಕು?

ಯಂತ್ರ ಇನ್ನೂ ಕಂಪನಿಯ ವಾರಂಟಿಯಲ್ಲಿದ್ದರೆ ಇಂಥ ಅಂಗಡಿಗೆ ಹೋಗುವುದು ಸರಿಯಲ್ಲ. ಕಂಪ್ರೆಸರಿಗೆ ಹತ್ತು ವರ್ಷದ ವಾರಂಟಿ ಕೊಡುವ ಕಂಪನಿಗಳು ಬಹಳ, ಹೊರಗಿನವರು ಗ್ಯಾಸಿನ ಕೊಳವೆಯನ್ನು ಬಿಚ್ಚಿದ್ದಾರೆ ಎಂದು ಗೊತ್ತಾದರೆ ಅದೇ ನೆಪವಾಗಬಹುದು. ಬರೀ ತೊಳೆಸುವುದಕ್ಕೆ ಆ ಅಡ್ಡಿಯಿಲ್ಲ. ತೊಳೆಸುವವರು ಶಿವರಾತ್ರಿಯ ಆಸುಪಾಸಿನಲ್ಲೇ ಫೋನ್ ಮಾಡುವುದು ಒಳ್ಳೆಯದು, ಆಗ ಇವರು ಹೇಳಿದ ದಿನವೇ ಬರುತ್ತಾರೆ, ಕೂಲಿಯೂ ನೂರಿನ್ನೂರು ಕಡಿಮೆ. ಮಾಳಿಗೆಯ ಯಂತ್ರಕ್ಕೆ ಆಷಾಢದ ಗಾಳಿ ಕಳೆದ ಮೇಲೆ ಇನ್ನೊಂದು ಸಲ ಔಟ್‌ಡೋರ್ ಮಾತ್ರ ತೊಳೆಸಲು ಹೇಳಿದ್ದೇನೆ, ಅದಕ್ಕೆ ಅವರು ಕೇಳಿರುವುದು 400 ರೂಪಾಯಿ.